ವಿಮಾನ ಕಾಯುತ್ತಿದ್ದ ಗುಡಿಸಲು

ಪ್ರಶ್ನೆ: ಮಗಳು ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ ಇದ್ದಾಳೆ. ಜುಲೈನಲ್ಲಿ ನಾನು, ನಮ್ಮ ಯಜಮಾನರು ಹೋಗುತ್ತಿದ್ದೇವೆ. ಒಲಿಂಪಿಕ್ ನ್ಯಾಷನಲ್ ಪಾರ್ಕಿನ ಪಿರಮಿಡ್ ಬೆಟ್ಟದ ಮೇಲೆ ಎರಡನೇ ಮಹಾಯುದ್ಧದ ಕಾಲದ ಕಾವಲು ಗುಡಿಸಲು ಇದೆಯಂತೆ. ಅಳಿಯಂದಿರು ಕರೆದುಕೊಂಡು ಹೋಗುತ್ತೇನೆ ಅಂತಿದ್ದಾರೆ. ನನಗೆ 62 ವರ್ಷ, ಮಂಡಿನೋವಿದೆ. ಹತ್ತಬಹುದಾ? ಅಷ್ಟು ದೂರ ಹೋಗಿ ನೋಡುವಂಥದ್ದು ಅಲ್ಲಿ ಏನಿದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಅಮ್ಮಾ, ಮಂಡಿನೋವಿದ್ದರೆ ಪಿರಮಿಡ್ ಬೆಟ್ಟ ಖಂಡಿತ ಬೇಡ. ಲೇಕ್ ಕ್ರೆಸೆಂಟ್ ಅನ್ನೋ ಸರೋವರದ ದಡದಿಂದಲೇ ಏರು ಶುರು. ಒಂದು ಕಡೆಗೇ ಸುಮಾರು ಐದೂವರೆ ಕಿಲೋಮೀಟರು, ಅಷ್ಟರಲ್ಲಿ 2,300 ಅಡಿಗಿಂತ ಜಾಸ್ತಿ ಹತ್ತಬೇಕು. ನಡುವೆ ಒಂದು ಕಡೆ ಗುಡ್ಡ ಕುಸಿದಿದೆ. ಅಲ್ಲಿ ಕಾಲುದಾರಿ ಬರೀ ಒಂದು ಪಾದದಷ್ಟು ಅಗಲ, ಸಡಿಲ ಕಲ್ಲು, ಪಕ್ಕದಲ್ಲಿ ಇಳಿಜಾರು. ನನಗೂ ಅಲ್ಲಿ ಎದೆ ಹೊಡೆದುಕೊಂಡಿತ್ತು. ಅಳಿಯಂದಿರು ಹೋಗಿಬರಲಿ.

ಮೇಲಿರುವುದು ಒಂದು ಪುಟ್ಟ ಮರದ ಗುಡಿಸಲು, ಒಳಗೆ ಖಾಲಿ. ಸುಮ್ನೆ ನೋಡಿದರೆ ಇಷ್ಟಕ್ಕಾ ಬಂದಿದ್ದು ಅನ್ನಿಸಬಹುದು. ಆದರೆ ಅದನ್ನು ಕಟ್ಟಿದ್ದು 1942ರಲ್ಲಿ. ಹಿಂದಿನ ಡಿಸೆಂಬರಿನಲ್ಲಷ್ಟೇ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿದ್ದಿತ್ತು. ಸಿಯಾಟಲ್‌ನಲ್ಲಿ ಬೋಯಿಂಗ್ ಕಾರ್ಖಾನೆ, ಎದುರು ದಡದ ಬ್ರೆಮರ್ಟನ್‌ನಲ್ಲಿ ನೌಕಾಪಡೆಯ ಹಡಗುಕಟ್ಟೆ. ಜಪಾನಿನ ವಿಮಾನ ಬಂದೇ ಬರುತ್ತೆ ಅಂತ ಜನ ಹೆದರಿದ್ದರು. ಆ ಹೆದರಿಕೆ ಸುಳ್ಳೂ ಆಗಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಜಲಾಂತರ್ಗಾಮಿಯಲ್ಲಿ ತಂದಿದ್ದ ಒಂದು ಪುಟ್ಟ ವಿಮಾನ, ದಕ್ಷಿಣಕ್ಕಿರುವ ಆರೆಗಾನ್ ರಾಜ್ಯದ ಕಾಡಿನ ಮೇಲೆ ಬೆಂಕಿ ಬಾಂಬು ಹಾಕಿ ಹೋಯಿತು.

ಆಗ ಎಲ್ಲ ಕಡೆ ರೇಡಾರ್ ಇರಲಿಲ್ಲ. ಕಣ್ಣು, ಕಿವಿಗಳನ್ನೇ ನಂಬಬೇಕಿತ್ತು. ವಿಮಾನದ ಸದ್ದು ಕೇಳಿದ ತಕ್ಷಣ ಗುಡಿಸಲಿನವರು ಫೋನು ಎತ್ತಿ 'ಆರ್ಮಿ ಫ್ಲ್ಯಾಶ್', ಅಂದರೆ ಸೇನೆಗೆ ತುರ್ತು ಸುದ್ದಿ, ಅನ್ನಬೇಕು. ಎಷ್ಟು ವಿಮಾನ, ಒಂದು ಎಂಜಿನ್ನಾ ಜಾಸ್ತಿನಾ, ಎತ್ತರವಾ ತಗ್ಗಾ, ಕಂಡಿತಾ ಬರೀ ಕೇಳಿಸಿತಾ, ಯಾವ ದಿಕ್ಕಿಗೆ ಹೋಯಿತು, ಇಷ್ಟನ್ನೂ ಹೇಳಬೇಕು. ಮೋಡ ಮುಸುಕುವ ಈ ಬೆಟ್ಟಗಳಲ್ಲಿ ಎಷ್ಟೋ ಸಲ 'ಕೇಳಿಸಿತು' ಅನ್ನುವುದಷ್ಟೇ ಸಾಧ್ಯ. ಹಗಲು ರಾತ್ರಿ ಯಾರಾದರೊಬ್ಬರು ಎಚ್ಚರ ಇರಲೇಬೇಕು. ಯುದ್ಧದ ಕಥೆಯಲ್ಲಿ ನಾವು ಗುಂಡು ಹಾರಿಸಿದವರನ್ನೇ ನೆನೆಯುತ್ತೇವೆ, ಹೀಗೆ ಕಾದು ಕೂತವರನ್ನೂ ನೆನೆಯಬೇಕು ಅಲ್ವಾ? ಅದಕ್ಕೇ ಆ ಖಾಲಿ ಗುಡಿಸಲು ನನಗೆ ಅಷ್ಟು ಇಷ್ಟ. ಒಲಿಂಪಿಕ್ ಪಾರ್ಕಿನಲ್ಲಿ ಇಂಥವು ಉಳಿದಿರುವುದೇ ಎರಡು. ಮರದ ಮೇಲೆ ಯಾರೂ ಹೆಸರು ಕೆತ್ತದಿರಲಿ ಅಂತ ಕೈಮುಗಿದು ಕೇಳುತ್ತೇನೆ.

ನಿಮಗೆ ನಾನು ಹೇಳುವುದು ಹರಿಕೇನ್ ಹಿಲ್. ಅದೂ ಇದೇ ಪಾರ್ಕು. ಅಲ್ಲೂ ಯುದ್ಧದ ಕಾಲದಲ್ಲಿ ಕಾವಲು ಗುಡಿಸಲಿತ್ತು. ಹರ್ಬ್ ಮತ್ತು ಲೋಯಿಸ್ ಕ್ರಿಸ್ಲರ್ ಅನ್ನೋ ಗಂಡ ಹೆಂಡತಿ ಚಳಿಗಾಲದ ಹಿಮದಲ್ಲೂ ಅಲ್ಲಿದ್ದು ಆಕಾಶ ಕಾದರು. ಗುಡಿಸಲು ಈಗಿಲ್ಲ, ಆದರೆ ಅವರು ನೋಡುತ್ತಿದ್ದ ನೋಟ ಇದೆ. ಉತ್ತರಕ್ಕೆ ಸಮುದ್ರದ ಜಲಸಂಧಿ, ಅದರಾಚೆ ಕೆನಡಾದ ವ್ಯಾಂಕೂವರ್ ದ್ವೀಪ. ತಿರುಗಿ ನಿಂತರೆ ಸಾಲುಸಾಲು ಹಿಮದ ಶಿಖರ. ಶತ್ರು ಎಲ್ಲಿಂದ ಬರಬಹುದಿತ್ತು ಅನ್ನೋದು ಪಿರಮಿಡ್‌ಗಿಂತ ಇಲ್ಲೇ ಚೆನ್ನಾಗಿ ಅರ್ಥವಾಗುತ್ತದೆ.

ದಾರಿಗೆ ಡಾಂಬರು ಹಾಕಿದ್ದಾರೆ. ಒಂದು ಕಡೆಗೆ ಎರಡೂವರೆ ಕಿಲೋಮೀಟರು, ಏರು ಸುಮಾರು 700 ಅಡಿ. ಊರುಗೋಲು ಹಿಡಿದು, ಕೂತು ಎದ್ದು ಹೋಗಿ. ಸುಸ್ತಾದರೆ ಅರ್ಧಕ್ಕೇ ವಾಪಸ್ ಬಂದರೂ ನಷ್ಟವಿಲ್ಲ, ನೋಟ ಮೊದಲಿಂದಲೇ ಇದೆ.

ಅಲ್ಲಿದ್ದ ದೊಡ್ಡ ವಿಶ್ರಾಂತಿ ಕಟ್ಟಡ 2023ರ ಮೇ ತಿಂಗಳಲ್ಲಿ ಸುಟ್ಟುಹೋಯಿತು. ಹಾಗಾಗಿ ನೀರು, ಬುತ್ತಿ ಮನೆಯಿಂದಲೇ ಕಟ್ಟಿಕೊಳ್ಳಿ. ಜುಲೈ ಆದರೂ ಸ್ವೆಟರ್ ಇರಲಿ. ಬೆಲ್‌ವ್ಯೂನಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸಾಗುವುದು ಬೇಡ, ತುಂಬಾ ದಣಿವಾಗುತ್ತದೆ. ಹಿಂದಿನ ದಿನವೇ ಕಾರು ಸಮೇತ ಫೆರಿ ಹತ್ತಿ ಪೋರ್ಟ್ ಏಂಜಲಿಸ್‌ಗೆ ಹೋಗಿ ಉಳಿಯಿರಿ. ಮರುದಿನ ಬೆಳಿಗ್ಗೆ ಎಂಟರೊಳಗೆ ಮೇಲೆ ಸೇರಿಬಿಡಿ. ಬೇಸಿಗೆಯಲ್ಲಿ ಪಾರ್ಕಿಂಗ್ ಬೇಗ ತುಂಬುತ್ತದೆ, ಆಮೇಲೆ ಕೆಳಗೇ ಗಾಡಿ ನಿಲ್ಲಿಸುತ್ತಾರೆ.