ಮಗನಿಗೆ ಇ-ಚಲನ್ ಮೇಲೆ ಇ-ಚಲನ್ ಬರುತ್ತಿದೆ: ಯಾವ ತರಬೇತಿಗೆ ಕಳಿಸಿದರೆ ಸರಿಹೋದಾನು?

ಹತ್ತೊಂಬತ್ತರ ಮಗ, ವಾರ್ಜೆಯಿಂದ ಕರ್ವೆ ರಸ್ತೆಯ ಕಾಲೇಜಿಗೆ ಬೈಕು, ರಾಂಗ್ ಸೈಡಿಗೂ ಸಿಗ್ನಲ್ ಹಾರಿದ್ದಕ್ಕೂ ಸಾಲು ಸಾಲು ಇ-ಚಲನ್, ಈಗ ಮೂರು ತಿಂಗಳು ಲೈಸೆನ್ಸ್ ಅಮಾನತು. ಅವನಿಗೆ ಭಯ ಹುಟ್ಟಿಸುವಂಥ ಒಳ್ಳೆಯ ತರಬೇತಿ ಪುಣೆಯಲ್ಲಿ ಎಲ್ಲಿ ಸಿಗುತ್ತದೆ, ಅದೂ ಆಗದಿದ್ದರೆ ಗಾಡಿಯನ್ನೇ ಮಾರಿಬಿಡಲೇ ಎಂದು ಕೇಳಿದ್ದೀರಿ. ಇಪ್ಪತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ನಾನು ನಿಮ್ಮ ಮಗನ ಹಾಗೆಯೇ ಇದ್ದೆ. ಆಗ ಕ್ಯಾಮೆರಾ ಇರಲಿಲ್ಲ, ಚೌಕದಲ್ಲಿ ನಿಂತ ಪೊಲೀಸರು ಪುಸ್ತಕದಿಂದ ದಂಡದ ರಸೀದಿ ಹರಿದು ಕೈಗೆ ಕೊಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ವಿಜಯಪುರದಿಂದ ಇಂಜಿನಿಯರಿಂಗ್ ಓದಲು ಬಂದು ಧನಕವಡಿಯಲ್ಲಿ ಕೋಣೆ ಹಿಡಿದಿದ್ದೆ. ಟ್ರಾಫಿಕ್ ಪೊಲೀಸರನ್ನು ಪುಣೆಯ ಹುಡುಗರು ಮಾಮಾ ಎನ್ನುತ್ತಾರೆ. ಕಾತ್ರಜ್‌ನಿಂದ ಸ್ವಾರಗೇಟ್‌ವರೆಗಿನ ಸಾತಾರಾ ರಸ್ತೆಯಲ್ಲಿ ಮಾಮಾ ಎಲ್ಲೆಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತಿಗೆ ಚಹಾಕ್ಕೆ ಹೋಗುತ್ತಾರೆ, ಲಕ್ಷ್ಮೀನಾರಾಯಣ ಚಿತ್ರಮಂದಿರದ ಚೌಕದಲ್ಲಿ ಯಾವ ಮರೆಯಿಂದ ದಿಢೀರನೆ ಎದುರಿಗೆ ಬರುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ದಂಡ ಬಿದ್ದಾಗಲೆಲ್ಲ ಊರಿಗೆ ಫೋನು ಮಾಡಿ ಪುಸ್ತಕ ಕೊಳ್ಳಬೇಕೆಂದು ಹೇಳುತ್ತಿದ್ದೆ, ತಂದೆ ಹಣ ಕಳಿಸುತ್ತಿದ್ದರು. ಒಮ್ಮೆ ನಮ್ಮ ಕಾಲೇಜಿನವರು ಸಿಕ್ಕಿಬಿದ್ದ ಹುಡುಗರನ್ನೆಲ್ಲ ಕೂಡಿಸಿ, ಅಪಘಾತದಲ್ಲಿ ಸತ್ತವರ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ, ಆಮೇಲೆ ಕೆಲವು ದಿನ ಹಸಿರು ಅಂಗಿ ತೊಡಿಸಿ ಪೊಲೀಸರ ಜೊತೆ ಚೌಕದಲ್ಲಿ ನಿಲ್ಲಿಸಿದರು. ಚಿತ್ರಗಳ ಪರಿಣಾಮ ಸಂಜೆಯ ಚಹಾದವರೆಗೂ ಉಳಿಯಲಿಲ್ಲ. ಚೌಕದಲ್ಲಿ ನಿಂತದ್ದರಿಂದ ಮಾತ್ರ ಒಂದು ವಿದ್ಯೆ ಬಂತು: ಮಾಮಾರ ಕಣ್ಣು ಯಾವ ಕಡೆಗೆ ಹರಿಯುವುದಿಲ್ಲ ಎಂಬುದು ಅವರ ಪಕ್ಕದಲ್ಲೇ ನಿಂತು ನಮಗೆ ತಿಳಿಯಿತು.

ಆದ್ದರಿಂದಲೇ 2024ರ ಮೇ ತಿಂಗಳಲ್ಲಿ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದ ಕಾರು ಡಿಕ್ಕಿ ಹೊಡೆದು ಇಬ್ಬರು ಸತ್ತಾಗ, ಬಾಲನ್ಯಾಯ ಮಂಡಳಿ ಜಾಮೀನಿನ ಷರತ್ತಾಗಿ ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದನ್ನು ಕೇಳಿ ದೇಶವೆಲ್ಲ ಕೆರಳಿದರೆ, ನನ್ನ ಕಿವಿಗೆ ಚುಚ್ಚಿದ್ದು ಅದರ ಪಕ್ಕದಲ್ಲಿದ್ದ ಇನ್ನೊಂದು ಷರತ್ತು: ಹದಿನೈದು ದಿನ ಟ್ರಾಫಿಕ್ ಪೊಲೀಸರ ಜೊತೆ ಕೆಲಸ ಮಾಡಬೇಕು ಎಂಬುದು. ಪ್ರಬಂಧ ನಿರುಪಯೋಗಿ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಚೌಕದಲ್ಲಿ ನಿಲ್ಲಿಸಿದರೆ ಒಳ್ಳೆಯ ಚಾಲಕ ತಯಾರಾಗುತ್ತಾನೆ ಎಂಬ ನಂಬಿಕೆ ಮಾತ್ರ ಇನ್ನೂ ಹಾಗೆಯೇ ಇದೆ.

ಈಗ ನನ್ನ ತಪ್ಪಿನ ಮಾತು. 2004ರ ಜೂನ್, ಮೊದಲ ಮಳೆ ಬಂದು ಹೋಗಿ ರಸ್ತೆಯ ಮೇಲಿನ ಧೂಳೂ ಎಣ್ಣೆಯೂ ಕಲಸಿಕೊಂಡಿದ್ದ ದಿನ. ಹಿಂದೆ ಗದಗಿನ ನನ್ನ ಸಹಪಾಠಿ ಕುಳಿತಿದ್ದ. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇರಲಿಲ್ಲ, ಇರಬೇಕೆಂದು ಯಾರೂ ಅಂದುಕೊಂಡಿರಲೂ ಇಲ್ಲ. 2019ರಷ್ಟು ಈಚೆಗೆ ಕೂಡ ಹೆಲ್ಮೆಟ್ ಕಡ್ಡಾಯದ ವಿರುದ್ಧ ಬೀದಿಗಿಳಿದ ಊರು ಇದು. ಬಾಲಾಜಿ ನಗರ ದಾಟಿದ ಮೇಲೆ ಒಂದಷ್ಟು ದೂರ ಮಾಮಾ ಇರುವುದಿಲ್ಲ ಎಂದು ಗೊತ್ತಿದ್ದುದರಿಂದ ಗಂಟೆಗೆ 60 ಕಿಲೋಮೀಟರ್ ವೇಗ ಹಿಡಿದಿದ್ದೆ. ಪದ್ಮಾವತಿ ನಿಲ್ದಾಣದಲ್ಲಿ ನಗರ ಸಾರಿಗೆಯ ಪಿಎಂಟಿ ಬಸ್ಸೊಂದು ನಿಂತಿತ್ತು, ಜನ ಇಳಿಯುತ್ತಿದ್ದರು. ನಾನು ಬಸ್ಸಿನ ಬಲಗಡೆಯಿಂದ ಮುಂದೆ ಹೋಗುತ್ತ, ಕಣ್ಣನ್ನು ದೂರದ ಚೌಕದ ಮೇಲೆ ನೆಟ್ಟು, ಅಲ್ಲಿ ಬಿಳಿ ಅಂಗಿ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಬಸ್ಸಿನ ಮುಂದಿನಿಂದ ಬುಟ್ಟಿ ಹೊತ್ತ ಹೆಂಗಸೊಬ್ಬರು ರಸ್ತೆಗೆ ಕಾಲಿಟ್ಟರು. ಮುಂದಿನ ಬ್ರೇಕನ್ನು ಇಡೀ ಮುಷ್ಟಿಯಿಂದ ಹಿಚುಕಿದೆ, ಚಕ್ರ ಜಾರಿ ಗಾಡಿ ಅಡ್ಡ ಬಿದ್ದು ಹಾಗೆಯೇ ಹೋಗಿ ಅವರ ಕಾಲಿಗೆ ಬಡಿಯಿತು. ಅವರ ಸೊಂಟದ ಮೂಳೆ ಮುರಿಯಿತು, ಗೆಳೆಯನ ಕೊರಳ ಮೂಳೆ ಮುರಿಯಿತು, ನನಗೆ ಮೊಣಕೈ ತರಚಿತು.

ಇದನ್ನು ಯಾರಿಗೆ ಹೇಳಿದರೂ 'ವೇಗ ಜಾಸ್ತಿಯಾಯಿತು' ಎನ್ನುತ್ತಾರೆ, ಇಲ್ಲವೇ 'ಮುಂದಿನ ಬ್ರೇಕ್ ಒಂದನ್ನೇ ಹಿಡಿಯಬಾರದಿತ್ತು' ಎನ್ನುತ್ತಾರೆ. ಎರಡೂ ನಿಜವೇ, ಆದರೆ ತಪ್ಪು ಅದಕ್ಕಿಂತ ಮೊದಲೇ ಆಗಿ ಮುಗಿದಿತ್ತು. ಲೆಕ್ಕ ನೋಡಿ. 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಹೋಗುತ್ತದೆ. ಕಂಡದ್ದು ಮನಸ್ಸಿಗೆ ತಟ್ಟಿ ಕೈ ಬ್ರೇಕಿಗೆ ಹೋಗುವುದಕ್ಕೆ ಒಂದು ಸೆಕೆಂಡು ಬೇಕು, ಆಮೇಲೆ ಒಣ ರಸ್ತೆಯಲ್ಲೇ ನಿಲ್ಲಲು ಇನ್ನೂ ಇಪ್ಪತ್ತು ಮೀಟರಿನ ಮೇಲೆ ಬೇಕು. ಒಟ್ಟು ನಲವತ್ತು ಮೀಟರ್ ಎನ್ನಿ. ಬಸ್ಸಿನ ಹಿಂಬದಿಯಿಂದ ಮೂತಿಯವರೆಗಿನ ಉದ್ದವೇ ಹತ್ತು ಹನ್ನೊಂದು ಮೀಟರ್. ಬಸ್ಸಿನ ಪಕ್ಕಕ್ಕೆ ಬಂದ ಮೇಲೆ ಆ ಹೆಂಗಸು ಕಂಡರೆ ಜಗತ್ತಿನ ಯಾವ ಸವಾರನೂ ಗಾಡಿ ನಿಲ್ಲಿಸಲಾರ. 40ರಲ್ಲಿ ಹೋಗುತ್ತಿದ್ದರೂ ನಿಲ್ಲಲು ಇಪ್ಪತ್ತು ಮೀಟರ್ ಬೇಕಿತ್ತು, ಅಂದರೆ ಆಗಲೂ ಬಡಿಯುತ್ತಿತ್ತು, ಪೆಟ್ಟು ಕಡಿಮೆಯಾಗುತ್ತಿತ್ತು. ತೀರ್ಮಾನವಾಗಬೇಕಿದ್ದದ್ದು ಬಸ್ಸಿಗೆ ಇನ್ನೂ ಐವತ್ತು ಮೀಟರ್ ದೂರವಿದ್ದಾಗ. ಆಗ ಹೆಂಗಸು ಕಾಣುತ್ತಿರಲಿಲ್ಲ, ಆದರೆ ಬೇರೆಲ್ಲವೂ ಕಾಣುತ್ತಿತ್ತು: ನಿಂತ ಬಸ್ಸು, ಇಳಿಯುತ್ತಿರುವ ಜನ, ನಡುವಿನ ಡಿವೈಡರ್‌ನಲ್ಲಿ ಜನರೇ ಮಾಡಿಕೊಂಡ ಸಂದು, ನನ್ನ ಮುಂದಿದ್ದ ರಿಕ್ಷಾದವನು ಸುಮ್ಮಸುಮ್ಮನೆ ನಿಧಾನ ಮಾಡಿದ್ದು. ಸ್ವಲ್ಪ ದೂರದಿಂದ ಬಗ್ಗಿ ನೋಡಿದರೆ ಬಸ್ಸಿನ ಕೆಳಗಿನ ಸಂದಿನಲ್ಲಿ ಕಾಲುಗಳು ಕಾಣುತ್ತವೆ. ಆ ಕಾಲುಗಳು ಬಸ್ಸಿನ ಮೂತಿಯ ಕಡೆಗೆ ನಡೆಯುತ್ತಿದ್ದರೆ ಮನುಷ್ಯ ಎಲ್ಲಿ ಹೊರಬರುತ್ತಾನೆ ಎಂದು ಮೊದಲೇ ಹೇಳಬಹುದು. ಆ ರಿಕ್ಷಾದವನಿಗೆ ಅದು ತಿಳಿದಿತ್ತು. ನನಗೆ ತಿಳಿದಿದ್ದದ್ದು ಪೊಲೀಸರು ಎಲ್ಲಿರುತ್ತಾರೆ ಎಂಬುದೊಂದೇ. ಕಟ್ಟಿದ ಪ್ರತಿಯೊಂದು ದಂಡವೂ ನನ್ನ ಕಣ್ಣನ್ನು ರಸ್ತೆಯಿಂದ ಕಿತ್ತು ಪೊಲೀಸರ ಮೇಲೆ ನೆಡಲು ಕಲಿಸಿತ್ತು ಎಂಬುದೇ ನನ್ನ ವಾದದ ತಿರುಳು. ನನ್ನ ಗಾಡಿಯ ಮೇಲಿನ ಹಿಡಿತ ಚೆನ್ನಾಗಿತ್ತು, ಆರ್‌ಟಿಓದಲ್ಲಿ ಎಂಟರ ಆಕಾರವನ್ನು ಒಂದೂ ಕಾಲು ಊರದೆ ಸುತ್ತಿದ್ದೆ. ನಿಮ್ಮ ಮಗನ ಹಿಡಿತವೂ ಬಹುಶಃ ನಿಮಗಿಂತ ಚೆನ್ನಾಗಿಯೇ ಇದೆ.

ಮುಂದಿನದನ್ನು ಬೇಗ ಹೇಳುತ್ತೇನೆ. ತಂದೆ ಬಂದರು, ಠೇವಣಿ ಮುರಿದು ಆಸ್ಪತ್ರೆಯ ಬಿಲ್ಲು ಕಟ್ಟಿದರು. ದುಡುಕಿನ ಚಾಲನೆಗೆ ಐಪಿಸಿ 279, ಅದರಿಂದ ತೀವ್ರ ಗಾಯ ಮಾಡಿದ್ದಕ್ಕೆ 338, ಹೀಗೆ ಎರಡು ಕಲಮುಗಳ ಕೆಳಗೆ ಪ್ರಕರಣ ದಾಖಲಾಯಿತು. ಶಿವಾಜಿನಗರದ ನ್ಯಾಯಾಲಯದಲ್ಲಿ ತಾರೀಖಿನ ಮೇಲೆ ತಾರೀಖು ಬಿದ್ದು ವರ್ಷಗಳು ಕಳೆದವು, ಆ ನಡುವೆ ಚಾಕಣದಲ್ಲಿ ಕೆಲಸಕ್ಕೆ ಸೇರಿದ್ದ ನನ್ನನ್ನು ಕಂಪನಿ ಜರ್ಮನಿಗೆ ಕಳಿಸಬೇಕೆಂದಾಗ ಪಾಸ್‌ಪೋರ್ಟ್ ಸಿಗಲಿಲ್ಲ, ಏಕೆಂದರೆ ಕ್ರಿಮಿನಲ್ ಪ್ರಕರಣ ಬಾಕಿ ಇರುವವನಿಗೆ ನ್ಯಾಯಾಲಯದ ಅನುಮತಿ ಬೇಕು. ನನ್ನ ಬದಲು ಬೇರೊಬ್ಬ ಹೋದ. ಕೊನೆಗೆ ಆ ಹೆಂಗಸು ಊರುಗೋಲು ಹಿಡಿದು ಬಂದು ನ್ಯಾಯಾಧೀಶರೆದುರು ರಾಜಿಗೆ ಒಪ್ಪಿದ್ದರಿಂದ 338 ಮುಗಿಯಿತು, 279ಕ್ಕೆ ದಂಡ ಕಟ್ಟಿದೆ. ಹೊರಗೆ ಬಂದಾಗ ಅವರು ನನ್ನನ್ನು ಬೈಯಲಿಲ್ಲ. ಬಸ್ಸು ಹಿಡಿಯಲು ಯಾವ ಕಡೆಗೆ ಹೋಗಬೇಕು ಎಂದು ಮರಾಠಿಯಲ್ಲಿ ಕೇಳಿದರು. ರಿಕ್ಷಾ ಮಾಡಿಕೊಟ್ಟೆ. ನಿಮ್ಮ ಮಗನಿಗೆ ಈ ಪಾಸ್‌ಪೋರ್ಟಿನ ಸಂಗತಿಯನ್ನು ಮಾತ್ರ ಹೇಳಿ ನೋಡಿ, ಸತ್ತವರ ಚಿತ್ರಗಳಿಗಿಂತ ಹೆಚ್ಚು ತಾಗುತ್ತದೆ. ಈಗ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125 ಬಂದಿವೆ, ಪಾಸ್‌ಪೋರ್ಟಿನ ನಿಯಮ ಹಾಗೆಯೇ ಇದೆ.

ಹಲವು ವರ್ಷ ತಡವಾಗಿ ಜರ್ಮನಿಗೆ ಹೋದಾಗ ಅಲ್ಲಿನ ಸಹೋದ್ಯೋಗಿಯ ಮಗ ಹೊಸ ಲೈಸೆನ್ಸಿನಲ್ಲಿ ಕೆಂಪು ದೀಪ ಹಾರಿ ಸಿಕ್ಕಿಬಿದ್ದಿದ್ದ. ಅಲ್ಲಿ 1986ರಿಂದ ಹೊಸ ಚಾಲಕರಿಗೆ ಎರಡು ವರ್ಷಗಳ ಪರೀಕ್ಷಾವಧಿ ಇದೆ. ಅದರೊಳಗೆ ಗಂಭೀರ ತಪ್ಪು ಮಾಡಿದರೆ ಅವಧಿ ಇನ್ನೂ ಎರಡು ವರ್ಷ ಬೆಳೆಯುತ್ತದೆ ಮತ್ತು ಶಿಬಿರಕ್ಕೆ ಹೋಗಲೇಬೇಕು. ಶಿಬಿರವೆಂದರೆ ಭಾಷಣವಲ್ಲ. ಆರರಿಂದ ಹನ್ನೆರಡು ಜನರ ಗುಂಪು, 135 ನಿಮಿಷಗಳ ನಾಲ್ಕು ಬೈಠಕ್ಕು, ಮೊದಲನೆಯ ಮತ್ತು ಎರಡನೆಯ ಬೈಠಕ್ಕಿನ ನಡುವೆ ಒಂದು ನಿಜವಾದ ಸವಾರಿ: ಹುಡುಗ ಓಡಿಸುತ್ತಾನೆ, ಶಿಕ್ಷಕನೂ ಜೊತೆಯ ಶಿಬಿರಾರ್ಥಿಗಳೂ ಕುಳಿತು ನೋಡುತ್ತಾರೆ, ಆಮೇಲೆ ಎಲ್ಲರೂ ಸೇರಿ ಅದನ್ನು ಬಿಡಿಸಿ ಮಾತಾಡುತ್ತಾರೆ. ಕೊನೆಯಲ್ಲಿ ಪರೀಕ್ಷೆಯೂ ಇಲ್ಲ. ಆ ಹುಡುಗ ಅಪ್ಪನ ಬೈಗುಳಕ್ಕೆ ಬಗ್ಗದವನು, ತನ್ನ ವಯಸ್ಸಿನ ಹುಡುಗಿಯೊಬ್ಬಳು 'ನೀನು ಸೈಕಲ್ಲಿನವನನ್ನು ನೋಡಲೇ ಇಲ್ಲ' ಎಂದದ್ದಕ್ಕೆ ಒಂದು ವಾರ ಮುಖ ಊದಿಸಿಕೊಂಡಿದ್ದನಂತೆ. ಬ್ರಿಟನ್ನಿನಲ್ಲಿ 2002ರಿಂದ ಲೈಸೆನ್ಸಿನ ಪರೀಕ್ಷೆಯಲ್ಲೇ ರಸ್ತೆಯ ವಿಡಿಯೊ ತೋರಿಸಿ, ಅಪಾಯ ಮೊಳಕೆಯೊಡೆಯುವುದು ಕಂಡ ಕೂಡಲೆ ಗುಂಡಿ ಒತ್ತಿಸುತ್ತಾರೆ. ನಮ್ಮಲ್ಲಿ ಇನ್ನೂ ಎಂಟು ಸುತ್ತಿಸುತ್ತಿದ್ದೇವೆ.

ನಮ್ಮ ಕಾನೂನು ಸುಮ್ಮನಿದೆ ಎಂದಲ್ಲ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಮಾನತಾದ ಲೈಸೆನ್ಸ್ ಮರಳಿ ಕೈಗೆ ಬರಬೇಕಾದರೆ ಚಾಲಕರ ಪುನಶ್ಚೇತನ ತರಬೇತಿ ಮುಗಿಸಿರಬೇಕು. ಆರ್‌ಟಿಓದವರು ಎಲ್ಲಿಗೆ ಹೋಗೆನ್ನುತ್ತಾರೋ ಅಲ್ಲಿಗೆ ಹೋಗಿ ಅವನು ಅದನ್ನು ಮುಗಿಸಲಿ, ಅದರಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಅದರ ಮೇಲೆ ದುಡ್ಡು ಸುರಿದು ಟ್ರ್ಯಾಕಿನಲ್ಲಿ ಗಾಡಿ ಜಾರಿಸಿ ಸಂಭಾಳಿಸುವ ಸಾಹಸದ ಕೋರ್ಸಿಗಂತೂ ಖಂಡಿತ ಸೇರಿಸಬೇಡಿ. ನಾರ್ವೆಯಲ್ಲಿ 1979ರಿಂದ ಹೊಸ ಚಾಲಕರಿಗೆ ಜಾರು ರಸ್ತೆಯ ತರಬೇತಿ ಕಡ್ಡಾಯ ಮಾಡಿದಾಗ ಹುಡುಗರ ಅಪಘಾತಗಳು ಇಳಿಯುವ ಬದಲು ಏರಿದ್ದವು. ಜಾರಿದರೂ ಸಂಭಾಳಿಸಬಲ್ಲೆ ಎಂದುಕೊಂಡವನು ಜಾರುವಷ್ಟು ವೇಗವಾಗಿಯೇ ಹೋಗುತ್ತಾನೆ.

ನೀವು ಕೇಳಿದ ತರಬೇತಿ ಎಲ್ಲಿದೆ ಎಂದರೆ ನಿಮ್ಮ ಗಾಡಿಯ ಹಿಂದಿನ ಸೀಟಿನಲ್ಲಿದೆ. ಈ ಮೂರು ತಿಂಗಳು ಅವನು ಓಡಿಸುವಂತಿಲ್ಲ, ಆದ್ದರಿಂದ ನೀವು ಓಡಿಸಿ, ಅವನನ್ನು ಹಿಂದೆ ಕೂರಿಸಿಕೊಳ್ಳಿ, ವಾರ್ಜೆಯಿಂದ ಕರ್ವೆ ನಗರ, ಅಲ್ಲಿಂದ ನಳ ಸ್ಟಾಪ್, ಅವನದೇ ದಿನನಿತ್ಯದ ದಾರಿಯಲ್ಲಿ. ಕಣ್ಣಿಗೆ ಕಂಡದ್ದನ್ನಲ್ಲ, ಇನ್ನೂ ಕಾಣದೆ ಬರಬಹುದಾದದ್ದನ್ನು ಅವನು ಬಾಯಿಬಿಟ್ಟು ಹೇಳುತ್ತಿರಬೇಕು: ಆ ರಿಕ್ಷಾ ಎಡಕ್ಕೆ ಎಳೆಯುತ್ತದೆ, ಆ ಕಾರಿನ ಬಾಗಿಲು ತೆರೆಯಬಹುದು, ಆ ಬಸ್ಸಿನ ಮುಂದಿನಿಂದ ಯಾರೋ ಬರುತ್ತಾರೆ. ಮೊದಮೊದಲು ನಾಚಿಕೊಳ್ಳುತ್ತಾನೆ, ಆಮೇಲೆ ನಿಮ್ಮ ತಪ್ಪು ಹಿಡಿಯಲು ಶುರು ಮಾಡುತ್ತಾನೆ, ಹಿಡಿಯಲಿ. ಯು-ಟರ್ನ್ ಉಳಿಸಲು ನೀವೇ ನಾಲ್ಕು ಮಾರು ರಾಂಗ್ ಸೈಡಿನಲ್ಲಿ ಹೋಗುವವರಾದರೆ ಈ ಉತ್ತರವನ್ನು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ಲೈಸೆನ್ಸ್ ಬಂದ ಮೇಲೆ ಅವನು ಮುಂದೆ, ನೀವು ಹಿಂದೆ, ಮಾತು ಮಾತ್ರ ಅವನದೇ. ಓರಗೆಯ ಗೆಳೆಯರನ್ನು ಹಿಂದೆ ಕೂರಿಸಿಕೊಳ್ಳುವುದು ಮತ್ತು ರಾತ್ರಿಯ ತಿರುಗಾಟ ಕೆಲವು ತಿಂಗಳು ಬೇಡ. ಇದು ನನ್ನ ಕಟ್ಟುಕಥೆಯಲ್ಲ, ನ್ಯೂಜಿಲೆಂಡಿನಲ್ಲಿ 1987ರಿಂದ ಹೊಸ ಚಾಲಕರಿಗೆ ಇದೇ ಎರಡು ನಿರ್ಬಂಧಗಳಿವೆ. ಬಾಕಿ ಇರುವ ಚಲನ್‌ಗಳನ್ನು ಅವನೇ ದುಡಿದು ಕಟ್ಟಲಿ, ನಿಮ್ಮ ಫೋನಿನಿಂದ ಕಟ್ಟಿ ಮುಗಿಸಬೇಡಿ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಹದಿನಾರರ ಕಿರಿಯ ಮಗ ಸ್ಕೂಟರಿನಲ್ಲಿ ಟ್ಯೂಷನ್ನಿಗೆ ಹೋಗುತ್ತಾನೆ ಎಂದು ಮಾತು ಬಂದು ಹೋಗಿದೆ. ದೊಡ್ಡವನ ಚಿಂತೆಗಿಂತ ಮೊದಲು ಅದನ್ನು ಇಂದೇ ನಿಲ್ಲಿಸಿ. ಹದಿನಾರಕ್ಕೆ ಅನುಮತಿ ಇರುವುದು 50 ಸಿಸಿ ಮೀರದ ಗಾಡಿಗೆ, ಅದೂ ಲೈಸೆನ್ಸ್ ಇದ್ದರೆ. ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ ಅವನು ಸಿಕ್ಕಿಬಿದ್ದರೆ ತಪ್ಪಿತಸ್ಥರು ನೀವು: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಅವನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ.

ಇನ್ನು ಗಾಡಿ ಮಾರುವ ಮಾತು. ಮಾರಬೇಡಿ. ಅಪಘಾತವಾದ ಮೇಲೆ ನನ್ನ ತಂದೆ ಮೊದಲು ಮಾಡಿದ ಕೆಲಸವೇ ಅದು, ಮತ್ತು ಮುಂದಿನ ಎರಡು ವರ್ಷ ನಾನು ಓಡಿಸಿದ್ದೆಲ್ಲ ಗೆಳೆಯರಿಂದ ಬೇಡಿ ತಂದ ಗಾಡಿಗಳನ್ನು. ಅವುಗಳ ಬ್ರೇಕು ಹೇಗಿದೆ, ಟೈರು ಎಷ್ಟು ಸವೆದಿದೆ, ವಿಮೆ ಇದೆಯೇ ಇಲ್ಲವೇ ಎಂಬುದು ನನಗೂ ತಿಳಿದಿರುತ್ತಿರಲಿಲ್ಲ, ವಿಜಯಪುರದಲ್ಲಿದ್ದ ಅವರಿಗಂತೂ ನಾನು ಓಡಿಸುತ್ತಿದ್ದೇನೆ ಎಂಬುದೇ ತಿಳಿದಿರಲಿಲ್ಲ.