ಕಂಪ್ಯೂಟರ್ ಪ್ರಶ್ನೋತ್ತರ: ಪಾರ್ಟು ಬದಲಿಸುವ ಮುಂಚೆ ಮುಚ್ಚಳ ತೆಗೆದು ನೋಡಿ

ಪ್ರಶ್ನೆ: ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ ಇದೆ. ಡೆಸ್ಕ್‌ಟಾಪ್ ತಂದು ಆರು ವರ್ಷ ಆಯಿತು. ಈಗ ಆನ್ ಮಾಡಿದ ಇಪ್ಪತ್ತು ನಿಮಿಷಕ್ಕೆ ಫ್ಯಾನ್ ಜೋರಾಗಿ ಕೂಗಿ, ದಿಢೀರನೆ ಆಫ್ ಆಗುತ್ತದೆ. ಕೂಡಲೇ ಆನ್ ಮಾಡಿದರೆ ಎರಡೇ ನಿಮಿಷಕ್ಕೆ ಮತ್ತೆ ಆಫ್. ಅರ್ಧ ಗಂಟೆ ಬಿಟ್ಟರೆ ಸರಿಯಾಗಿ ನಡೆಯುತ್ತದೆ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಎನ್ನುತ್ತಿದ್ದಾರೆ. ಬದಲಿಸಲೇ?
— ಹಳೇ ದಾವಣಗೆರೆಯ ಓದುಗರು

ಉತ್ತರ: ಈಗಲೇ ಬೇಡ. ಅರ್ಧ ಗಂಟೆ ಆರಲು ಬಿಟ್ಟರೆ ಸರಿಹೋಗುತ್ತದೆ ಎಂದು ನೀವೇ ಬರೆದಿದ್ದೀರಿ. ಬಹುತೇಕ ಇದು ಬಿಸಿಯ ತೊಂದರೆ. ಮದರ್‌ಬೋರ್ಡ್ ಕೆಟ್ಟಿದ್ದರೆ ಇಷ್ಟು ಲೆಕ್ಕ ಹಾಕಿದಂತೆ ಆಫ್ ಆಗುವುದು ಕಡಿಮೆ.

ಮೊದಲು ಬಿಸಿಯನ್ನು ಅಳೆಯಿರಿ. ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿ ಬಯಾಸ್‌ಗೆ (ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ ಪುಟಗಳಿಗೆ) ಹೋದರೆ, ಹಾರ್ಡ್‌ವೇರ್ ಮಾನಿಟರ್ ಎಂಬ ಪುಟದಲ್ಲಿ ಪ್ರೊಸೆಸರ್‌ನ ಉಷ್ಣತೆ ಕಾಣುತ್ತದೆ. ವಿಂಡೋಸ್‌ನಲ್ಲೇ ನೋಡಬೇಕೆಂದರೆ ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಕೆಲಸವಿಲ್ಲದೆ ಸುಮ್ಮನಿರುವಾಗ 35ರಿಂದ 50 ಡಿಗ್ರಿ, ಕೆಲಸ ಕೊಟ್ಟಾಗ 80ರ ಆಸುಪಾಸು ಇದ್ದರೆ ಚಿಂತೆಯಿಲ್ಲ. ಸುಮ್ಮನಿದ್ದಾಗಲೇ 70 ದಾಟಿದರೆ ಗಾಳಿ ಓಡಾಡುತ್ತಿಲ್ಲ ಎಂದೇ ತಿಳಿಯಿರಿ. ಇಂಟೆಲ್‌ನ ಹಲವು ಪ್ರೊಸೆಸರ್‌ಗಳು 100 ಡಿಗ್ರಿ ಹತ್ತಿರ ಬಂದಾಗ ಮೊದಲು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗುವ ಮುಂಚೆ ತಾವೇ ಆಫ್ ಆಗುತ್ತವೆ. ನಿಮ್ಮದು ಆ ಹಂತಕ್ಕೆ ಬಂದಿದೆ. ವಿಂಡೋಸ್‌ನ ಘಟನೆಗಳ ದಾಖಲೆಯಾದ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಎಂದು ಕಂಡರೆ ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಒದಗಿಸುವ ಪೆಟ್ಟಿಗೆ) ಕೆಟ್ಟಿದೆ ಎಂದು ಹೊಸದನ್ನು ತರಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ನಿಂತಿತ್ತು ಎನ್ನುವುದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ.

ಈಗ ಕ್ಯಾಬಿನೆಟ್ಟಿನ ಎಡಬದಿಯ ಮುಚ್ಚಳ ತೆಗೆಯಿರಿ. ಬೋರ್ಡಿನ ಮೇಲೆ ಹರಡಿರುವ ಧೂಳು ನೋಡಲು ಕೆಟ್ಟದಾಗಿದ್ದರೂ ಅದರಿಂದ ಆಗುವ ಹಾನಿ ಕಡಿಮೆ. ಅಸಲಿ ಧೂಳು ಕೂರುವುದು ಪ್ರೊಸೆಸರ್ ಫ್ಯಾನಿನ ಕೆಳಗೆ, ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿನ ಅಲ್ಯೂಮಿನಿಯಂ ರೆಕ್ಕೆಗಳ ತುದಿಯಲ್ಲಿ. ಮೇಲಿನಿಂದ ಅದು ಕಾಣುವುದಿಲ್ಲ. ಫ್ಯಾನ್ ಬಿಚ್ಚಿ ಎತ್ತಿದರೆ, ಕಂಬಳಿ ತುಂಡು ಹಾಸಿದ ಹಾಗೆ ಒತ್ತಾಗಿ ಕೂತಿರುತ್ತದೆ. ಫ್ಯಾನ್ ಎಷ್ಟೇ ವೇಗವಾಗಿ ತಿರುಗಲಿ, ಗಾಳಿ ಒಳಗಿಳಿಯದೆ ಅಲ್ಲೇ ಸುತ್ತುತ್ತದೆ. ನಿಮಗೆ ಕೇಳಿಸುತ್ತಿರುವ ಕೂಗು ಅದೇ.

ಭಟ್ಟಿ ಹತ್ತಿರದ ಮನೆಗಳದ್ದು ಇನ್ನೊಂದು ಕಷ್ಟ. ಹೊಗೆಯ ಮಸಿ ಅಂಟು ಅಂಟಾಗಿರುತ್ತದೆ, ಬರಿ ಗಾಳಿ ಹೊಡೆದರೆ ಹೋಗುವುದಿಲ್ಲ. ಅಡುಗೆಮನೆಗೆ ಎದುರಾಗಿ ಅಥವಾ ದೇವರ ಗೂಡಿನ ಪಕ್ಕ ಕಂಪ್ಯೂಟರ್ ಇಟ್ಟವರಿಗೂ ಇದೇ ಪಾಡು. ಒಗ್ಗರಣೆಯ ಜಿಡ್ಡು, ಊದುಬತ್ತಿಯ ಹೊಗೆ ಎರಡೂ ಧೂಳನ್ನು ಮೆತ್ತಿಸಿಬಿಡುತ್ತವೆ. ಬ್ರಷ್ ಹಾಕಲೇಬೇಕು.

ಬೇಕಾದ ಸಾಮಾನು: ಒಂದಿಂಚಿನ ಹೊಸ ಪೇಂಟ್ ಬ್ರಷ್, ಕಂಪ್ಯೂಟರ್ ಅಂಗಡಿಯವರು ಬಳಸುವಂಥ 500–600 ವ್ಯಾಟ್‌ನ ಕೈ ಬ್ಲೋವರ್, 99 ಶೇಕಡಾದ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಸಣ್ಣ ಬಾಟಲಿ, ನೂಲು ಬಿಡದ ಬಟ್ಟೆ, ಥರ್ಮಲ್ ಪೇಸ್ಟ್ ಒಂದು ಟ್ಯೂಬ್, ಮೂಗಿಗೆ ಮಾಸ್ಕ್. ಪೆಟ್ರೋಲ್, ಥಿನ್ನರ್ ಬೇಡವೇ ಬೇಡ, ಪ್ಲಾಸ್ಟಿಕ್ ಕರಗುತ್ತದೆ.

ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಬಹುಮಟ್ಟಿಗೆ ಇಳಿಯುತ್ತದೆ. ವೈರುಗಳು ಎಲ್ಲೆಲ್ಲಿ ಕೂತಿವೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಕ್ಯಾಬಿನೆಟ್ಟನ್ನು ಹೊರಗೆ ನೆರಳಿಗೆ ತನ್ನಿ. ಬ್ರಷ್‌ನಿಂದ ಸಡಿಲಿಸುತ್ತಾ ಒಂದು ಅಡಿ ದೂರದಿಂದ ಬ್ಲೋವರ್ ಹಿಡಿಯಿರಿ. ಫ್ಯಾನ್‌ಗಳ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದೇ ಗಾಳಿ ಹೊಡೆಯಬೇಕು. ಬಿಟ್ಟರೆ ಅದು ಮಿತಿ ಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹೋಗುತ್ತದೆ, ಜೊತೆಗೆ ಡೈನಮೊ ಥರ ಬೋರ್ಡಿಗೇ ಕರೆಂಟ್ ತಳ್ಳುತ್ತದೆ.

ಹೀಟ್‌ಸಿಂಕ್ ತೆಗೆಯುವಾಗ ಎಚ್ಚರ ಬೇಕು. ಇಂಟೆಲ್ ಪ್ರೊಸೆಸರ್ ಜೊತೆ ಬರುವ ಕೂಲರಿಗೆ (ಫ್ಯಾನ್ ಮತ್ತು ಹೀಟ್‌ಸಿಂಕ್ ಸೇರಿದ್ದು) ನಾಲ್ಕು ಪ್ಲಾಸ್ಟಿಕ್ ಪಿನ್ನು. ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆಳೆದರೆ ಬಿಡುತ್ತವೆ. ಮತ್ತೆ ಕೂರಿಸುವ ಮುಂಚೆ ನಾಲ್ಕನ್ನೂ ಬಾಣಕ್ಕೆ ಎದುರಾಗಿ ತಿರುಗಿಸಿಡಿ, ಆಮೇಲೆ ಮೂಲೆಯಿಂದ ಮೂಲೆಗೆ ಜೋಡಿ ಜೋಡಿಯಾಗಿ 'ಟಕ್' ಎನ್ನುವವರೆಗೆ ಒತ್ತಿ. ನಾಲ್ಕರಲ್ಲಿ ಒಂದು ಸರಿಯಾಗಿ ಕೂರದಿದ್ದರೂ ಹೀಟ್‌ಸಿಂಕ್ ಓರೆಯಾಗಿ ನಿಲ್ಲುತ್ತದೆ, ಸರ್ವಿಸ್ ಮಾಡಿಸಿದ ಮೇಲೆ ಬಿಸಿ ಜಾಸ್ತಿಯಾಯಿತು ಎನ್ನುವವರ ಯಂತ್ರಗಳಲ್ಲಿ ಹೆಚ್ಚಿನ ಸಲ ಕಾರಣ ಇದೇ. ಎಎಂಡಿ ಪ್ರೊಸೆಸರಿನ ಎಎಂ4 ಬಗೆಯ ಸಾಕೆಟ್ ಇರುವ ಬೋರ್ಡ್ ಇದ್ದರೆ ಹತ್ತು ನಿಮಿಷ ಯಂತ್ರ ಓಡಿಸಿ ಪೇಸ್ಟ್ ಬಿಸಿಯಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಹೊರಳಿಸಿ ಎತ್ತಿ. ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬಂದರೆ ಅದರ ಪಿನ್ನುಗಳು ಬಾಗುತ್ತವೆ.

ಹಳೆ ಪೇಸ್ಟನ್ನು ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಲೋಹ ಹೊಳೆಯುವವರೆಗೆ ಒರೆಸಿ. ಹೊಸ ಪೇಸ್ಟ್ ಹೆಸರುಕಾಳಿನಷ್ಟು, ಮಧ್ಯದಲ್ಲಿ ಒಂದೇ ಬೊಟ್ಟು. ಹೀಟ್‌ಸಿಂಕಿನ ಒತ್ತಡಕ್ಕೆ ಅದೇ ಹರಡುತ್ತದೆ. ಜಾಸ್ತಿ ಬಳಿದರೆ ತಂಪು ಜಾಸ್ತಿ ಎಂಬ ನಂಬಿಕೆ ತಪ್ಪು. ಎರಡು ಲೋಹಗಳ ನಡುವಿನ ಸಣ್ಣ ಸಣ್ಣ ಸಂದು ತುಂಬುವುದಷ್ಟೇ ಅದರ ಕೆಲಸ.

ಇಷ್ಟಾದ ಮೇಲೆ ಬಿಸಿ 20–30 ಡಿಗ್ರಿ ಇಳಿದರೂ ಆಶ್ಚರ್ಯವಿಲ್ಲ. ಇಳಿಯದೆ ಮತ್ತೆ ಆಫ್ ಆದರೆ ಆಗ ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ ನೋಡಿ. ಚಪ್ಪಟೆ ಇರಬೇಕಾದ ತಲೆ ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಅಂಗಡಿಯವರ ಮಾತು ನಿಜ.

ಪ್ರಶ್ನೆ: ಧೂಳು ಹೋಗಲಿ ಎಂದು ಪಂಕ್ಚರ್ ಅಂಗಡಿಯಲ್ಲಿ ಕಂಪ್ರೆಸರ್ ಗಾಳಿ ಹೊಡೆಸಿದೆವು. ಮನೆಗೆ ತಂದು ಆನ್ ಮಾಡಿದರೆ ಫ್ಯಾನೆಲ್ಲ ತಿರುಗುತ್ತದೆ, ಮಾನಿಟರಿನಲ್ಲಿ ಏನೂ ಬರುತ್ತಿಲ್ಲ. ಉದ್ದುದ್ದ ಬೀಪ್ ಬರುತ್ತದೆ.
— ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಉತ್ತರ: ಟೈರಿಗೆ ಹೊಡೆಯುವ ಗಾಳಿಯ ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ, ಕೆಲವೊಮ್ಮೆ ಪಂಪಿನ ಎಣ್ಣೆಯೂ ಸೇರಿರುತ್ತದೆ. ಗಾಳಿಯ ಜೊತೆ ಅದೂ ಬೋರ್ಡಿನ ಮೇಲೆ ಬಿದ್ದಿರಬಹುದು. ಅದಕ್ಕೇ ಮತ್ತೆ ಮತ್ತೆ ಆನ್ ಮಾಡಿ ನೋಡುವುದನ್ನು ನಿಲ್ಲಿಸಿ, ಮುಚ್ಚಳ ತೆಗೆದು ಒಂದು ದಿನ ಫ್ಯಾನ್ ಗಾಳಿಗೆ ಇಡಿ.

ಉದ್ದ ಬೀಪ್ ಸಾಮಾನ್ಯವಾಗಿ ರ‍್ಯಾಮ್ ಸಿಗಲಿಲ್ಲ ಎನ್ನುವ ದೂರು. ಗಾಳಿಯ ರಭಸಕ್ಕೆ ಅದು ಕೂದಲೆಳೆಯಷ್ಟು ಕದಲಿದ್ದರೂ ಸಾಕು. ಎರಡೂ ತುದಿಯ ಕ್ಲಿಪ್ ಬಿಡಿಸಿ ಹೊರತೆಗೆಯಿರಿ. ಚಿನ್ನದ ಬಣ್ಣದ ಪಟ್ಟಿಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ ಹಗುರವಾಗಿ ಉಜ್ಜಿ, ರಬ್ಬರಿನ ಪುಡಿ ಉಳಿಯದಂತೆ ಆಲ್ಕೋಹಾಲಿನಿಂದ ಒರೆಸಿ. ಪೆನ್ನಿನ ಇಂಕ್ ಅಳಿಸುವ ನೀಲಿ ರಬ್ಬರಿನಲ್ಲಿ ಮರಳಿನ ಕಣ ಇರುತ್ತದೆ, ಅದು ಚಿನ್ನದ ಲೇಪವನ್ನೇ ಕೆರೆದುಬಿಡುತ್ತದೆ. ಸ್ಲಾಟಿಗೆ ಬ್ರಷ್ ಆಡಿಸಿ, ಎರಡು ರ‍್ಯಾಮ್ ಇದ್ದರೆ ಒಂದನ್ನೇ ಹಾಕಿ, ಕ್ಲಿಪ್ ತಾನಾಗಿ ಬೀಳುವ ತನಕ ಒತ್ತಿ ಆನ್ ಮಾಡಿ. ಬಾರದಿದ್ದರೆ ಇನ್ನೊಂದು ಸ್ಲಾಟು, ಆಮೇಲೆ ಇನ್ನೊಂದು ರ‍್ಯಾಮ್. ಹೀಗೆ ಅದಲು ಬದಲು ಮಾಡಿದರೆ ತಪ್ಪು ಸ್ಲಾಟಿನದೋ ರ‍್ಯಾಮಿನದೋ ಗೊತ್ತಾಗುತ್ತದೆ.

ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಕ್ಯಾಬಿನೆಟ್ಟಿನ ಹೊರಗಿನ ಜಾಲರಿಗೆ ಮಾತ್ರ ಬಳಸಿ. ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಿರ ವಿದ್ಯುತ್ ಸೇರುತ್ತದೆ. ದುರ್ಗದ ಬೇಸಿಗೆಯ ಒಣ ಹವೆಯಲ್ಲಿ ಇದು ಇನ್ನೂ ಜಾಸ್ತಿ.

ಪ್ರಶ್ನೆ: ಸಿಪಿಯು ಡಬ್ಬಿ ಮುಟ್ಟಿದರೆ ಕೈಗೆ ಜುಂ ಎನ್ನುತ್ತದೆ. ಬರಿಗಾಲಲ್ಲಿ ನಿಂತಾಗ ಹೆಚ್ಚು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.
— ಚಳ್ಳಕೆರೆ

ಉತ್ತರ: ನಿಮ್ಮ ಪ್ಲಗ್‌ಗೆ ಅರ್ಥಿಂಗ್ ಸಿಗುತ್ತಿಲ್ಲ ಎಂಬ ಅನುಮಾನ ಗಟ್ಟಿಯಾಗಿದೆ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು, ಹೀಗೆ ಎರಡು ಸಣ್ಣ ಕೆಪಾಸಿಟರ್‌ಗಳು ಲೋಹದ ಡಬ್ಬಿಗೆ ಸೇರಿರುತ್ತವೆ. ಅರ್ಥ್ ಇದ್ದರೆ ಆ ಸಣ್ಣ ಕರೆಂಟ್ ನೆಲಕ್ಕೆ ಹರಿದುಹೋಗುತ್ತದೆ. ಇಲ್ಲದಿದ್ದರೆ ಡಬ್ಬಿಯ ಮೇಲೆ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಕರೆಂಟ್ ತೀರಾ ಕಡಿಮೆಯಾದ್ದರಿಂದ ಜುಂ ಎನ್ನುವುದಕ್ಕೆ ನಿಲ್ಲುತ್ತದೆ, ಆದರೆ ನಾಳೆ ಒಳಗಿನ ಫೇಸ್ ವೈರೇ ಡಬ್ಬಿಗೆ ತಾಗಿದರೆ ಕಾಪಾಡಲು ಏನೂ ಇರುವುದಿಲ್ಲ.

ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಇಡಿಸಿ. ಫೇಸ್–ನ್ಯೂಟ್ರಲ್ ನಡುವೆ 230ರ ಸುತ್ತ, ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗೆ ಬರಬೇಕು. ಎರಡು ಪಿನ್ನಿನ ಅಡಾಪ್ಟರ್, ಅಗ್ಗದ ಸ್ಪೈಕ್ ಬಸ್ಟರ್ ಎಲ್ಲೋ ಮಧ್ಯೆ ಅರ್ಥ್ ಕಡಿದಿರುವುದೂ ಉಂಟು, ಮೊದಲು ಅದನ್ನು ನೋಡಲಿ. ನಿಮ್ಮ ಕಡೆ ಮಣ್ಣು ಒಣಗಿ ಬಿರಿಯುವ ಕಾಲದಲ್ಲಿ ಅರ್ಥ್ ಗುಂಡಿಯೂ ಕೆಲಸ ಬಿಡುತ್ತದೆ. ಗುಂಡಿಗೆ ವಾರಕ್ಕೊಂದು ಬಿಂದಿಗೆ ನೀರು ಹಾಕಿ. ಪೈಪಿಗೆ ವೈರ್ ಬಿಗಿದಿರುವ ಬೋಲ್ಟ್ ತುಕ್ಕು ಹಿಡಿದಿದ್ದರೆ ಹೊಸದು ಹಾಕಿಸಿ. ಅರ್ಥ್ ಬದಲು ನ್ಯೂಟ್ರಲ್‌ಗೇ ಸೇರಿಸಿಬಿಡೋಣ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ನ್ಯೂಟ್ರಲ್ ಕಡಿದ ದಿನ ಡಬ್ಬಿಯೇ ಫೇಸ್ ಆಗುತ್ತದೆ.

ಪ್ರಶ್ನೆ: ದಿನಾ ಬೆಳಗ್ಗೆ ಕಂಪ್ಯೂಟರಿನ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಬ್ಯಾಂಕಿನ ವೆಬ್‌ಸೈಟ್ ತೆರೆಯುವುದೇ ಇಲ್ಲ.
— ಹರಿಹರ

ಉತ್ತರ: ತಾರೀಖು ನೆನಪಿಡಿಸುವ, ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಮುಗಿದಿದೆ. ತಾರೀಖು ತಪ್ಪಿರುವುದಕ್ಕೇ ಬ್ಯಾಂಕಿನ ವೆಬ್‌ಸೈಟ್ ತೆರೆಯುತ್ತಿಲ್ಲ. ಸಿಆರ್2032 ಎಂದು ಕೇಳಿ, ಗಡಿಯಾರ ರಿಪೇರಿಯವರ ಬಳಿಯೂ ಸಿಗುತ್ತದೆ. ಪ್ಲಸ್ ಗುರುತು ಮೇಲೆ ಬರಬೇಕು. ತೆಗೆಯುವ ಮುಂಚೆ ಬಯಾಸ್ ಪುಟಗಳ ಫೋಟೊ ಇಟ್ಟುಕೊಳ್ಳಿ, ಅದರಲ್ಲಿ ಡಿಸ್ಕಿಗೆ ಸಂಬಂಧಿಸಿದ ಸಾಟಾ ಮೋಡ್ ಬದಲಾದರೆ ವಿಂಡೋಸ್ ಏಳುವುದಿಲ್ಲ. ರಾತ್ರಿ ಮೇನ್ ಸ್ವಿಚ್ಚನ್ನೇ ಆರಿಸುವ ಮನೆಗಳಲ್ಲಿ ಈ ಸೆಲ್ ಬೇಗ ಖಾಲಿಯಾಗುತ್ತದೆ, ಅದು ಸಹಜ.

ಪ್ರಶ್ನೆ: ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು. ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತದೆ. ಬಿಚ್ಚಿ ಧೂಳು ತೆಗೆದರೆ ಸರಿಹೋಗುತ್ತದೆಯೇ?
— ಜಗಳೂರು

ಉತ್ತರ: ಬಿಚ್ಚಿದರೆ ಅಲ್ಲಿಗೆ ಮುಗಿಯಿತು. ಒಳಗಿನ ತಟ್ಟೆಗೂ ಅದನ್ನು ಓದುವ ಹೆಡ್ಡಿಗೂ ನಡುವಿನ ಅಂತರ ಧೂಳಿನ ಕಣಕ್ಕಿಂತ ಎಷ್ಟೋ ಕಡಿಮೆ. ಮೇಲಿನ ಸಣ್ಣ ಉಸಿರಾಟದ ತೂತಿಗೆ ಬ್ಲೋವರ್ ಹಿಡಿಯುವುದೂ ಬೇಡ.

ಮೊದಲ ಕೆಲಸ, ಫೋಟೊ ಮತ್ತು ಕಾಗದಪತ್ರಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡುವುದು. ತೀರಾ ಬೇಕಾದದ್ದನ್ನು ಮೊದಲು ತೆಗೆಯಿರಿ. ವಿಂಡೋಸ್‌ನ ಡಿಸ್ಕ್ ತಪಾಸಣೆಯಾದ ಚೆಕ್‌ಡಿಸ್ಕ್ ಓಡಿಸಲು ಹೋಗಬೇಡಿ, ಸಾಯುತ್ತಿರುವ ಡಿಸ್ಕನ್ನು ಅದು ಗಂಟೆಗಟ್ಟಲೆ ದುಡಿಸುತ್ತದೆ. ನಕಲು ಮುಗಿದ ಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ಹಾಕಿ ನೋಡಿ. ಡಿಸ್ಕಿನ ಕೆಟ್ಟ ಜಾಗಗಳನ್ನು ಎಣಿಸುವ 05 ಮತ್ತು ಸಿ5 ಸಾಲುಗಳ ಕಚ್ಚಾ ಮೌಲ್ಯ ಸೊನ್ನೆ ಬಿಟ್ಟು ಏರುತ್ತಿದ್ದರೆ ಡಿಸ್ಕ್ ಬದಲಿಸಿ. ಸಿ7 ಮಾತ್ರ ಏರುತ್ತಿದ್ದರೆ ತೊಂದರೆ ಹೆಚ್ಚಾಗಿ ಡಿಸ್ಕನ್ನು ಬೋರ್ಡಿಗೆ ಸೇರಿಸುವ ಸಾಟಾ ಕೇಬಲ್ಲಿನದು, ಹೊಸ ಕೇಬಲ್ ಹಾಕಿದರೆ ಸಾಕಾಗಬಹುದು. ಆದರೆ ಟಿಕ್ ಸದ್ದು ಇರುವಾಗ ಅಷ್ಟು ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಎಪಿಎಂಸಿ ಹತ್ತಿರದ ಮನೆ. ಮೆಕ್ಕೆಜೋಳ ಬರುವ ಕಾಲದಲ್ಲಿ ಧೂಳೋ ಧೂಳು. ಬಟ್ಟೆ ಹೊದಿಸಿಟ್ಟರೆ ಸಾಕೇ? ಒಳಗೆ ಹಲ್ಲಿಯೂ ಹೋಗಿತ್ತು.
— ದಾವಣಗೆರೆ

ಉತ್ತರ: ಬಟ್ಟೆ ಹೊದಿಸುವುದು ಆಫ್ ಮಾಡಿ, ಬಿಸಿ ಆರಿದ ಮೇಲೆ ಮಾತ್ರ. ಓಡುತ್ತಿರುವಾಗ ಹೊದಿಸಿದರೆ ಧೂಳಿಗಿಂತ ಬೇಗ ಅದೇ ಕೊಲ್ಲುತ್ತದೆ. ಕ್ಯಾಬಿನೆಟ್ಟನ್ನು ನೆಲದಿಂದ ಒಂದು ಅಡಿ ಎತ್ತರಕ್ಕೆ, ಗೋಡೆಯಿಂದ ಐದಾರು ಇಂಚು ದೂರಕ್ಕೆ ಇಡಿ. ಕಸ ಗುಡಿಸುವಾಗ ಏಳುವ ಧೂಳು ಬಹುಪಾಲು ನೆಲಮಟ್ಟದಲ್ಲೇ ಇರುತ್ತದೆ. ಗಾಳಿ ಒಳಗೆ ಹೋಗುವ ಮುಂದಿನ ಜಾಲರಿಗೆ ಕಿಟಕಿಯ ನೈಲಾನ್ ಸೊಳ್ಳೆಪರದೆ ಒಂದೇ ಪದರ ಕಟ್ಟಿ, ಸುಗ್ಗಿಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು ಒಣಗಿಸಿ ಹಾಕಿ. ಹಿಂದಿನ, ಗಾಳಿ ಹೊರಹೋಗುವ ಕಡೆ ಏನನ್ನೂ ಕಟ್ಟಬೇಡಿ. ಒಳ ಸ್ವಚ್ಛತೆ ನಿಮ್ಮಂಥ ಕಡೆ ಮೂರು ತಿಂಗಳಿಗೊಮ್ಮೆ ಬೇಕು, ಉಳಿದವರಿಗೆ ಆರು ತಿಂಗಳಿಗೆ ಒಮ್ಮೆ ಆದರೆ ನಡೆಯುತ್ತದೆ.

ಹಲ್ಲಿ ಬರುವುದು ಕ್ಯಾಬಿನೆಟ್ಟಿನ ಹಿಂದೆ ಕಾರ್ಡಿನ ಜಾಗ ತೆರೆದೇ ಬಿಟ್ಟಿದ್ದರೆ. ಅದಕ್ಕೆ ತಗಡಿನ ಪಟ್ಟಿ ಬರುತ್ತದೆ, ಸ್ಕ್ರೂ ಹಾಕಿ ಮುಚ್ಚಿಸಿ. ಹಲ್ಲಿ ಎಸ್‌ಎಂಪಿಎಸ್ ಒಳಗೇ ಸತ್ತಿದ್ದರೆ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು. ಆ ಕೆಲಸ ಬಲ್ಲವರ ಕೈಗೇ ಕೊಡಿ. ಸುಟ್ಟ ಗುರುತು ಕಂಡರೆ ರಿಪೇರಿಗೆ ದುಡ್ಡು ಹಾಕದೆ ಹೊಸದನ್ನೇ ತನ್ನಿ.