ಎನ್‌ಡಿಪಿಎಸ್ (ಮಾದಕ ವಸ್ತು) ಕೇಸಲ್ಲಿ ಬೇಲ್: ದೊಡ್ಡ ವಕೀಲರನ್ನ ಹುಡುಕೋ ಮೊದಲು ದಿನ ಎಣಿಸಿ

ನಿಮ್ಮ ತಮ್ಮ 24 ಕೆಜಿ ಗಾಂಜಾ ಕೇಸಲ್ಲಿ ಒಳಗಿದ್ದಾನೆ, ಸೆಷನ್ಸ್ ಕೋರ್ಟಲ್ಲಿ ಬೇಲ್ ವಜಾ ಆಯ್ತು, ಬೆಂಗಳೂರಿನ ದೊಡ್ಡ ವಕೀಲರನ್ನ ಹಿಡಿದರೆ ಸಿಗುತ್ತಾ ಅಂತ ಕೇಳಿದ್ದೀರಿ. ನಮ್ಮನೇಲೂ ತಮ್ಮನೇ. ಹರಿಹರದ ಹತ್ತಿರ ಗೂಡ್ಸ್ ಗಾಡಿ ತಡೆದರು, ಮೂಟೆಗಳ ಮಧ್ಯೆ 21 ಕೆಜಿ 400 ಗ್ರಾಂ ಸಿಕ್ತು. ಗಾಡಿ ಓಡಿಸ್ತಿದ್ದವನು ಅವನೇ.

ಆ 1 ಕೆಜಿ 400 ಗ್ರಾಂ ನಮ್ಮ ಮನೆ ಹಾಳು ಮಾಡಿತು ನೋಡ್ರಿ. ಗಾಂಜಾ 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ. ಅಲ್ಲಿಗೆ 1985ರ ಎನ್‌ಡಿಪಿಎಸ್ ಕಾಯ್ದೆಯ 37ನೇ ಕಲಂ ಬರುತ್ತೆ. ಸರ್ಕಾರಿ ವಕೀಲರು ವಿರೋಧ ಮಾಡಿದರೆ, ಆರೋಪಿ ತಪ್ಪಿತಸ್ಥ ಅಲ್ಲ ಅಂತ ನಂಬೋಕೆ ಸಕಾರಣ ಇದೆ, ಹೊರಗೆ ಬಂದು ಮತ್ತೆ ಅಪರಾಧ ಮಾಡಲ್ಲ, ಈ ಎರಡೂ ಕೋರ್ಟಿಗೆ ಮನವರಿಕೆ ಆಗಲೇಬೇಕು. ವಿಚಾರಣೆನೇ ಶುರುವಾಗದೆ ಅದನ್ನ ಹೆಂಗೆ ತೋರಿಸ್ತೀರಿ? ಹಿಂದೆ ಒಂದು ಕೇಸೂ ಇಲ್ಲ, ಅವ್ವಗೆ ವಯಸ್ಸಾಗಿದೆ, ಊರಲ್ಲಿ ಜಮೀನಿದೆ ಅಂತೆಲ್ಲ ನಾವೂ ಹೇಳಿದ್ವಿ. ಸೊಪ್ಪು, ಕಡ್ಡಿ ಎಲ್ಲಾ ಸೇರಿಸಿ ತೂಕ ಹಾಕಿದ್ದಾರೆ, ಕಾಯ್ದೆ ಪ್ರಕಾರ ಗಾಂಜಾ ಅಂದ್ರೆ ಹೂ ಬಿಟ್ಟ ತುದಿ ಮಾತ್ರ ಅಂತ ನಮ್ಮ ವಕೀಲರು ವಾದ ಮಾಡಿದರು. ಅದನ್ನ ವಿಚಾರಣೆ ವೇಳೆ ನೋಡೋಣ ಅಂತ ಅರ್ಜಿ ವಜಾ ಆಯ್ತು.

ಈಗ ನಾನು ಮಾಡಿದ ತಪ್ಪು. ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರಾಗಬೇಡಿ.

ವಾಣಿಜ್ಯ ಪ್ರಮಾಣದ ಕೇಸಲ್ಲಿ ಪೊಲೀಸರು 180 ದಿನದೊಳಗೆ ಚಾರ್ಜ್‌ಶೀಟ್ (ಆರೋಪಪಟ್ಟಿ) ಹಾಕಬೇಕು. ಹಾಕದಿದ್ದರೆ ಡೀಫಾಲ್ಟ್ ಬೇಲ್, ಅಂದ್ರೆ ಗಡುವು ಮೀರಿದ ಕಾರಣಕ್ಕೇ ಸಿಗೋ ಬೇಲ್ ಕೇಳೋ ಹಕ್ಕು ಬರುತ್ತೆ, ಅದಕ್ಕೆ 37ನೇ ಕಲಂ ಅಡ್ಡ ಬರಲ್ಲ. ನಮ್ಮ ವಕೀಲರು ಇದನ್ನ ಮೊದಲೇ ಹೇಳಿದ್ದರು, ದಿನ ಲೆಕ್ಕ ಇಟ್ಟುಕೊಂಡು ಬಾ ಅಂದಿದ್ದರು. ನಾನು 180 ದಿನ ಅಂದ್ರೆ ಆರು ತಿಂಗಳು ಅಂದುಕೊಂಡೆ. ಮಾರ್ಚ್ 1ಕ್ಕೆ ರಿಮಾಂಡ್ (ಮ್ಯಾಜಿಸ್ಟ್ರೇಟ್ ಕಸ್ಟಡಿಗೆ ಕಳಿಸಿದ ಆದೇಶ), ಹಂಗಾದ್ರೆ ಸೆಪ್ಟೆಂಬರ್ 1 ಅಂತ ಗೋಡೆ ಕ್ಯಾಲೆಂಡರಲ್ಲಿ ಗುಂಡಗೆ ಗೆರೆ ಹಾಕಿದೆ. ನಡುವೆ 31 ದಿನದ ತಿಂಗಳು ನಾಲ್ಕು ಇದ್ದವು. ರಿಮಾಂಡ್ ಆದ ದಿನವನ್ನೂ ಸೇರಿಸಿ ಒಂದೊಂದೇ ದಿನ ಎಣಿಸಿದರೆ ಆಗಸ್ಟ್ 27ಕ್ಕೇ 180 ಮುಗಿದಿತ್ತು. ಆಗಸ್ಟ್ 28ಕ್ಕೆ ಒಂದು ಅರ್ಜಿ ಕೊಟ್ಟಿದ್ದರೆ ಸಾಕಿತ್ತು. ನಾನು ಆ ವಾರ ಹೊಲದಲ್ಲಿ ಮೆಕ್ಕೆಜೋಳಕ್ಕೆ ಯೂರಿಯಾ ಹಾಕಿಸ್ತಾ ಇದ್ದೆ. 31ರ ಸಂಜೆ ಚಾರ್ಜ್‌ಶೀಟ್ ಬಿತ್ತು. 1ನೇ ತಾರೀಖು ಬೆಳಿಗ್ಗೆ ಜಾಮೀನುದಾರರನ್ನೂ ಕರಕೊಂಡು ದಾವಣಗೆರೆ ಕೋರ್ಟಿಗೆ ಹೋದೆ. ವಕೀಲರು ಫೈಲ್ ನೋಡಿ ಸುಮ್ಮನೆ ಕೂತುಬಿಟ್ಟರು.

ಚಾರ್ಜ್‌ಶೀಟ್ ಬೀಳೋ ಮೊದಲು ಅರ್ಜಿ ಕೊಟ್ಟಿದ್ದರೆ ಆಮೇಲೆ ಅದು ಬಿದ್ದರೂ ಹಕ್ಕು ಹೋಗಲ್ಲ, 2020ರಲ್ಲಿ ಎಂ. ರವೀಂದ್ರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಆದರೆ ಕೇಳದವನಿಗೆ ಜೈಲಿನ ಬಾಗಿಲು ತಾನಾಗೇ ತೆರೆಯಲ್ಲ. ಆ ನಾಲ್ಕು ದಿನಕ್ಕೆ ನನ್ನ ತಮ್ಮ ಇನ್ನೂ ಎರಡು ವರ್ಷ ಒಳಗಿದ್ದ. ಕೊನೆಗೆ ಹೈಕೋರ್ಟಲ್ಲಿ ವಿಚಾರಣೆ ಮುಂದೆ ಹೋಗ್ತಿಲ್ಲ ಅನ್ನೋ ಕಾರಣದ ಮೇಲೆ ಸಿಕ್ತು. ವಿಚಾರಣೆ ತುಂಬಾ ತಡವಾದರೆ 37ನೇ ಕಲಂ ಇದ್ದರೂ ಬೇಲ್ ಕೊಡಬಹುದು ಅಂದ ಸುಪ್ರೀಂ ಕೋರ್ಟಿನ 2023ರ ಮೊಹಮ್ಮದ್ ಮುಸ್ಲಿಂ ತೀರ್ಪು ಕೆಲಸಕ್ಕೆ ಬಂತು.

ಅದಕ್ಕೇ ದೊಡ್ಡ ವಕೀಲರು ಅನ್ನೋ ನಿಮ್ಮ ಪ್ರಶ್ನೆನೇ ಸರಿಯಿಲ್ಲ ಅಂತೀನಿ. ನಮಗೂ ಒಬ್ಬರು ಹಂಗೇ ಹೇಳಿದ್ದರು, ಬೆಂಗಳೂರಿಗೆ ಓಡಾಡಿ ಎರಡೆಕರೆ ಅಡವಿಟ್ಟೆ. ನಿಮ್ಮ ತಮ್ಮನ ಚಾರ್ಜ್‌ಶೀಟ್ ಬಿದ್ದಿದೆಯೋ ಇಲ್ಲವೋ ನೀವು ಬರೆದೇ ಇಲ್ಲ. ಮೊದಲು ಅದನ್ನ ಕೇಳಿ. ಬಿದ್ದಿಲ್ಲ ಅಂದ್ರೆ ಊರಿನ ವಕೀಲರೇ ಸಾಕು, ಆದರೆ ದಿನ ತಪ್ಪಬಾರದು. ಬಂಧನದ ದಿನದಿಂದ ಅಲ್ಲ, ಮ್ಯಾಜಿಸ್ಟ್ರೇಟ್ ರಿಮಾಂಡ್ ಮಾಡಿದ ದಿನದಿಂದ ಎಣಿಸಿ. 180 ಮುಗಿಯೋ ಮೊದಲು ಸರ್ಕಾರಿ ವಕೀಲರು ವರದಿ ಕೊಟ್ಟು ಒಂದು ವರ್ಷದವರೆಗೆ ಗಡುವು ಹೆಚ್ಚಿಸೋಕೆ ಕೇಳಬಹುದು, ಹಂಗೇನಾದ್ರೂ ಅರ್ಜಿ ಬಂದಿದೆಯಾ ಅಂತಲೂ ನೋಡಿಸಿ. ಬಿದ್ದಿದ್ದರೆ ಹೈಕೋರ್ಟಿಗೆ ಹೋಗಿ, ಆದರೆ ಎಷ್ಟು ದಿನದಿಂದ ಒಳಗಿದ್ದಾನೆ, ಎಷ್ಟು ಸಾಕ್ಷಿ ಮುಗಿದಿದೆ ಅನ್ನೋ ಪಟ್ಟಿ ಹಿಡಕೊಂಡು ಹೋಗಿ.

ನಾಳೆನೇ ರಿಮಾಂಡ್ ಆದೇಶದ ಪ್ರತಿಗೆ ಅರ್ಜಿ ಹಾಕಿ. ಪಹಣಿ ಇರೋ ಇಬ್ಬರನ್ನ ಜಾಮೀನಿಗೆ ಈಗಲೇ ಒಪ್ಪಿಸಿಡಿ. ರಿಮಾಂಡ್ ತಾರೀಖು ಸಿಕ್ಕ ಕೂಡಲೇ ಇಲ್ಲಿ ಬರೀರಿ, ನಾನೂ ಕೂತು ಎಣಿಸ್ತೀನಿ.